ಕೆಲವರಿಗೆ ಕಾಮಾಲೆ ಬಂದಾಗ ಮೂತ್ರ ಕಡು ಬಣ್ಣಕ್ಕೆ ತಿರುಗಿ, ಮಲ ಮಾತ್ರ ಬಿಳಿಚಿಕೊಳ್ಳುವುದು ಯಾಕೆ?

ಮಲಕ್ಕೆ ಸೇರಬೇಕಾದ ಬಣ್ಣ ದಾರಿ ತಪ್ಪಿ ಮೂತ್ರಕ್ಕೆ ಹೋಗಿರುತ್ತದೆ, ಅಷ್ಟೇ. ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕುತ್ತವೆ. ಅವು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಇದು ನೀರಿನಲ್ಲಿ ಕರಗುವುದಿಲ್ಲ. ಲಿವರ್ ಇದನ್ನು ಕರಗುವ ಹಾಗೆ ಮಾಡಿ, ಪಿತ್ತರಸದ ಜೊತೆ ಕರುಳಿಗೆ ಬಿಡುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಬದಲಿಸುವುದರಿಂದಲೇ ಮಲಕ್ಕೆ ಕಂದು ಬಣ್ಣ.

ಈಗ ಪಿತ್ತನಾಳಕ್ಕೆ ಒಂದು ಕಲ್ಲು ಅಡ್ಡ ಕೂತಿತು ಅಂದುಕೊಳ್ಳಿ. ಕರುಳಿಗೆ ಬಣ್ಣವೇ ಇಳಿಯುವುದಿಲ್ಲ, ಮಲ ಜೇಡಿಮಣ್ಣಿನ ಥರ ಆಗುತ್ತದೆ. ಕರಗುವ ಬಿಲಿರುಬಿನ್ ರಕ್ತಕ್ಕೆ ವಾಪಸಾಗಿ ಕಿಡ್ನಿಯಿಂದ ಹೊರಬರುತ್ತದೆ. ಮೂತ್ರ ಹಾಲಿಲ್ಲದ ಟೀ ಥರ ಕಾಣುತ್ತದೆ.

ರಕ್ತಕಣಗಳೇ ಜಾಸ್ತಿ ಒಡೆದು ಬಂದ ಕಾಮಾಲೆಯಲ್ಲಿ ದಾರಿ ತೆರೆದೇ ಇರುತ್ತದೆ ಅಲ್ವಾ? ಹಾಗಾಗಿ ಮಲ ಬಿಳಿಚುವುದಿಲ್ಲ. ಡಾಕ್ಟರು ಮಲದ ಬಣ್ಣ ಕೇಳುವುದು ಸುಮ್ನೆ ಅಲ್ಲ.