8 ವರ್ಷದ ಮಗನ ಫೋನಿಗೆ ಫ್ಯಾಮಿಲಿ ಲಿಂಕ್ ಸಾಕು
ಸರ್, 8 ವರ್ಷದ ಮಗನಿಗೆ ನಿಮ್ಮ ಹಳೇ ಆಂಡ್ರಾಯ್ಡ್ ಫೋನ್ ಕೊಡುವ ಮುಂಚೆ ಅವನ ಬಳಕೆ ಮೇಲೆ ಹಿಡಿತ ಇಡಲು ದುಡ್ಡು ಕೊಟ್ಟು ಆ್ಯಪ್ ತಗೊಳ್ಳಬೇಕಾ ಅಂತ ಕೇಳಿದ್ದೀರಿ. ಬೇಡ. ಮಕ್ಕಳ ಫೋನನ್ನು ಅಪ್ಪ-ಅಮ್ಮ ತಮ್ಮ ಫೋನಿಂದಲೇ ನೋಡಿಕೊಳ್ಳುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಉಚಿತ, ಅದೇ ಸಾಕು. ಆದರೆ ನಿಮ್ಮ ಅಕೌಂಟ್ ಇಟ್ಟು ಸುಮ್ನೆ ಕೊಡಬೇಡಿ, ಫೋನ್ ರೀಸೆಟ್ ಮಾಡಿ, ಮಗನ ನಿಜವಾದ ಹುಟ್ಟಿದ ದಿನಾಂಕ ಹಾಕಿ ಅವನದೇ ಅಕೌಂಟ್ ಮಾಡಿ, ಆಗ ಅವನು ಹೊಸ ಆ್ಯಪ್ ಹಾಕಲು ಹೋದರೆ ನಿಮ್ಮ ಒಪ್ಪಿಗೆ ಕೇಳುತ್ತದೆ, ರಾತ್ರಿ ಇಷ್ಟು ಗಂಟೆಗೆ ಲಾಕ್ ಅಂತಲೂ ಇಡಬಹುದು. ಯೂಟ್ಯೂಬ್ ಬದಲು ಯೂಟ್ಯೂಬ್ ಕಿಡ್ಸ್ ಹಾಕಿ, ಅದರಲ್ಲಿ ನೀವು ಆರಿಸಿದ್ದು ಮಾತ್ರ ಕಾಣುವಂತೆ ಮಾಡಬಹುದು.

ಇಲ್ಲಿ ದಾವಣಗೆರೆಯಲ್ಲಿ ನಮ್ಮ ಮಗಳ ಫೋನಿಗೆ 8 ಗಂಟೆಗೆ ಲಾಕ್ ಇಟ್ಟೆ. ಮೂರನೇ ದಿನ ನೋಡಿದರೆ ಮಂಡಕ್ಕಿ ತಟ್ಟೆ ಪಕ್ಕಕ್ಕಿಟ್ಟು, ಅಜ್ಜಿಯ ಫೋನ್ ಹಿಡಿದು ದುಪ್ಪಟಿ ಒಳಗೆ ಕೂತಿದ್ದಳು! ಅದಕ್ಕೇ ಮನೆಯವರೆಲ್ಲರ ಫೋನಿಗೂ ಮೊದಲು ಪಿನ್ ಹಾಕಿ.