ಬಯಾಪ್ಸಿ ಸ್ಲೈಡಿಗೆ ಆಂಟಿಬಾಡಿ ಹಾಕುವ ಮೊದಲು ಅದನ್ನು ಬಿಸಿ ದ್ರಾವಣದಲ್ಲಿ ಬೇಯಿಸುವುದೇಕೆ?

ಫಾರ್ಮಲಿನ್ ಮುಚ್ಚಿಹಾಕಿದ ಗುರುತನ್ನು ಮತ್ತೆ ತೆರೆಯಲು. ಅಂಗಾಂಶ ಕೆಡದಿರಲೆಂದು ಹಾಕುವ ಫಾರ್ಮಲಿನ್, ಪ್ರೋಟೀನುಗಳನ್ನು ಒಂದಕ್ಕೊಂದು ಹೊಲಿದಂತೆ ಬೆಸೆದುಬಿಡುತ್ತದೆ. ಹುಡುಕುವ ಪ್ರೋಟೀನಿಗೆ ಅಂಟಿ ಅದು ಇರುವಲ್ಲಿ ಬಣ್ಣ ಬರಿಸುವ ಆಂಟಿಬಾಡಿ ಹಿಡಿಯುವುದು ಆ ಪ್ರೋಟೀನಿನ ಒಂದು ಪುಟ್ಟ ಭಾಗವನ್ನಷ್ಟೇ. ಆ ಭಾಗ ಬೆಸುಗೆಯೊಳಗೆ ಸಿಕ್ಕಿಕೊಂಡರೆ, ಬಿ ಕೋಶಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ಪೊರೆಯಲ್ಲಿ ಸಿಡಿ20 ಎಂಬ ಪ್ರೋಟೀನು ಧಾರಾಳವಾಗಿದ್ದರೂ ಸ್ಲೈಡ್ ಖಾಲಿ ಕಾಣಬಹುದು.

ಕತ್ತರಿಸಲೆಂದು ತುಂಬಿದ್ದ ಮೇಣ ತೆಗೆದ, 3–4 ಮೈಕ್ರಾನ್ ದಪ್ಪದ ಅಂಗಾಂಶದ ಸೀಳನ್ನು ಪಿಎಚ್ 6ರ ಸಿಟ್ರೇಟ್ ಅಥವಾ ಪಿಎಚ್ 9ರ ಟ್ರಿಸ್-ಇಡಿಟಿಎ ದ್ರಾವಣದಲ್ಲಿ, 95–98 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸುಮಾರು 20 ನಿಮಿಷ ಇಟ್ಟು, ಅದರಲ್ಲೇ ತಣ್ಣಗಾಗಲು ಬಿಡುತ್ತಾರೆ. ಯಾವ ಪಿಎಚ್ ಎಂಬುದು ಆಯಾ ಆಂಟಿಬಾಡಿಯನ್ನು ಅವಲಂಬಿಸಿದೆ. ಕುದಿ ಜೋರಾದರೆ ಸೀಳು ಗಾಜಿನಿಂದ ಎದ್ದುಬರುತ್ತದೆ. ನಡುವೆ ಒಣಗಿದರೆ ಅಂಚಿನಲ್ಲೆಲ್ಲ ಸುಳ್ಳು ಬಣ್ಣ.

ಬಣ್ಣ ಬರಲಿಲ್ಲವೆಂದು ಆಂಟಿಬಾಡಿಯನ್ನೇ ಹೆಚ್ಚಿಸಿದರೆ ಹಿನ್ನೆಲೆ ಕಂದು ಬಣ್ಣಕ್ಕೆ ತಿರುಗುತ್ತದೆ, ಅಷ್ಟೆ. ಮೊದಲು ಹೋಲಿಕೆಗೆಂದು ಜೊತೆಯಲ್ಲೇ ಓಡಿಸಿದ, ಬಿ ಕೋಶಗಳು ಇದ್ದೇ ಇರುವ ಟಾನ್ಸಿಲ್ ಸ್ಲೈಡ್ ನೋಡಿ. ಅದರ ಬಿ ಕೋಶಗಳ ಗುಂಪುಗಳೂ ಬಣ್ಣ ಹಿಡಿಯದಿದ್ದರೆ ದೋಷ ಪ್ರಕ್ರಿಯೆಯದು. ರೋಗಿಯ ಸ್ಲೈಡನ್ನು ‘ನೆಗೆಟಿವ್’ ಎಂದು ಬರೆಯುವಂತಿಲ್ಲ.