“ನಾನು ಕಿರುಚಲಿಲ್ಲ ಮೇಡಂ”

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಆಕೆಗೆ 26 ವರ್ಷ, ಮದುವೆಯಾಗಿಲ್ಲ, ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. 2021ರ ಡಿಸೆಂಬರ್ ಕೊನೆಯಲ್ಲಿ ಸಮಾಲೋಚನೆಗೆಂದು ನನ್ನ ಹತ್ತಿರ ಬಂದಳು. ಮೊದಲ ದಿನ ಹೇಳಿದ್ದು ಒಂದೇ: ನಿದ್ದೆ ಬರ್ತಿಲ್ಲ. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. ಬೆರಳ ತುದಿ ಬೆಳ್ಳಗಾಗುವಷ್ಟು ಬಿಗಿಯಾಗಿ.

ಎರಡು ದಿನ ಬಿಟ್ಟು ಮತ್ತೆ ಬಂದಾಗ ಟಿ.ವಿ.ಯಿಂದ ಮಾತು ಶುರು ಮಾಡಿದಳು. ಡಿಸೆಂಬರ್ 16ರಂದು ಬೆಳಗಾವಿ ಅಧಿವೇಶನದಲ್ಲಿ ಮಾಜಿ ಸ್ಪೀಕರ್ ರಮೇಶ್ ಕುಮಾರ್ ಆಡಿದ ಮಾತು ನಿಮಗೂ ನೆನಪಿರಬಹುದು. ಅತ್ಯಾಚಾರ ತಪ್ಪಿಸಲಾಗದಿದ್ದರೆ ಮಲಗಿ ಸುಖಪಡಬೇಕು ಎಂಬ ಗಾದೆಯಿದೆ ಅಂದರು. ಸಭಾಧ್ಯಕ್ಷರೂ ನಕ್ಕರು. ಮರುದಿನ ಕ್ಷಮೆಯೂ ಬಂತು. ಆದರೆ ಆಕೆಯ ಮನೆಗೆ ತಲುಪಿದ್ದು ಆ ನಗು ಮಾತ್ರ.

“ಅಪ್ಪ ಊಟ ಮಾಡ್ತಾ ನಕ್ಕರು. ಅಮ್ಮ ಏನೂ ಅನ್ನದೆ ಸಾರು ಬಡಿಸಿದ್ರು.”

ಆಮೇಲೆ ಉಳಿದದ್ದು ಹೊರಬಂತು. ಅಕ್ಟೋಬರ್ ಮಧ್ಯದಲ್ಲಿ ಮನೆಗೆ ಬಂದುಹೋಗುವ ಪರಿಚಯದವನೇ ಆಕೆಯ ಮೇಲೆ ಅತ್ಯಾಚಾರ ಮಾಡಿದ್ದ. ಎರಡು ತಿಂಗಳಿಂದ ಮುಟ್ಟಾಗಿಲ್ಲ. “ನಾನು ಕಿರುಚಲಿಲ್ಲ ಮೇಡಂ. ಕೈಕಾಲು ಆಡ್ಲೇ ಇಲ್ಲ. ಸುಮ್ನೆ ಬಿದ್ದಿದ್ದೆ. ಟಿ.ವಿ.ಲಿ ಅವರು ಹೇಳಿದ್ದೂ ಅದೇ ಅಲ್ವಾ? ಒಪ್ಪಿಗೆ ಇಲ್ದಿದ್ರೆ ಗರ್ಭ ನಿಲ್ಲಲ್ಲ ಅಂತಾನೂ ಜನ ಅಂತಾರೆ.”

ಇಲ್ಲಿ ನಾನು ಸಮಾಧಾನದ ಮಾತಿಗೆ ಹೋಗಲಿಲ್ಲ. ಆಕೆಗೆ ಆಗ ಬೇಕಿದ್ದದ್ದು ನಿಜ. ವಿಪರೀತ ಭಯದಲ್ಲಿ ಮೈ ಕಲ್ಲಾಗುತ್ತದೆ, ಗಂಟಲು ಕಟ್ಟುತ್ತದೆ. ಅದು ನಾವು ಯೋಚಿಸಿ ಮಾಡುವುದಲ್ಲ. ಮೈಯಿಂದ ಎದುರಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಪ್ಪಿಗೆ ಇತ್ತು ಎನ್ನುವಂತಿಲ್ಲ ಅಂತ 2013ರಿಂದ ನಮ್ಮ ಕಾನೂನಿನಲ್ಲೇ ಬರೆದಿದೆ. ಇನ್ನು ಗರ್ಭದ ಮಾತು. ಅಮೆರಿಕದ ಮಿಸ್ಸೌರಿಯಲ್ಲಿ ಸೆನೆಟ್‌ಗೆ ನಿಂತಿದ್ದ ಟಾಡ್ ಏಕಿನ್ 2012ರಲ್ಲಿ ಇದನ್ನೇ ಹೇಳಿದ್ದ: ನಿಜವಾದ ಅತ್ಯಾಚಾರವಾದರೆ ಹೆಣ್ಣಿನ ದೇಹವೇ ಗರ್ಭವನ್ನು ತಡೆಯುತ್ತದಂತೆ. ವೈದ್ಯರು ಅದು ಸುಳ್ಳು ಅಂದರು. ಚುನಾವಣೆಯಲ್ಲೂ ಸೋತ. ಗರ್ಭಕೋಶಕ್ಕೆ ಒಪ್ಪಿಗೆ ಗೊತ್ತಾಗುವುದಿಲ್ಲ ಕಣಮ್ಮಾ ಅಂದೆ. ದುಪಟ್ಟಾ ಸುತ್ತುತ್ತಿದ್ದ ಕೈ ನಿಂತಿತು.

ಗರ್ಭ ಮುಂದುವರಿಸುವುದೋ ಬೇಡವೋ ಅನ್ನುವುದು ಆಕೆಯದೇ ತೀರ್ಮಾನ. ಬೇಡ ಅಂದಳು. ಸ್ಕ್ಯಾನ್‌ನಲ್ಲಿ 12 ವಾರ ದಾಟಿತ್ತು. ಆ ಸೆಪ್ಟೆಂಬರ್ 24ರಿಂದ ಗರ್ಭಪಾತದ ಕಾನೂನಿಗೆ ತಿದ್ದುಪಡಿ ಜಾರಿಯಾಗಿತ್ತು: 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೊಳಗಾದವರಿಗೆ 24 ವಾರದವರೆಗೂ ಅವಕಾಶವಿದೆ, ಆಗ ಇಬ್ಬರು ವೈದ್ಯರು ಬೇಕು. 18 ತುಂಬಿದವಳಿಗೆ ಅಪ್ಪ ಅಮ್ಮನ ಸಹಿ ಬೇಕಿಲ್ಲ. ಮೆಡಿಕಲ್ ಶಾಪ್ ಮಾತ್ರೆ ಮಾತ್ರ ಬೇಡವೇ ಬೇಡ ಅಂತ ಗಟ್ಟಿಯಾಗಿ ಹೇಳಿದೆ, ಏಕೆಂದರೆ ಆಗಲೇ ಮಾತ್ರೆಯ ಒಂದು ಸ್ಟ್ರಿಪ್ ತಂದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಳು. ಮುಂದೆ ದೂರು ಕೊಡುವ ಮನಸ್ಸಾದರೆ ಎಂದು ಇನ್ನೊಂದು ಮಾತು ಸೇರಿಸಿದೆ: ಗರ್ಭಪಾತಕ್ಕೆ ಮೊದಲೇ ವೈದ್ಯರಿಗೆ ತಿಳಿಸಿ, ಡಿಎನ್‌ಎ ಪರೀಕ್ಷೆಗೆ ಮಾದರಿ ತೆಗೆದಿಡಬೇಕಾಗುತ್ತದೆ. ಇದನ್ನು ತಡವಾಗಿ ತಿಳಿದು ಅತ್ತವರನ್ನು ನಾನು ನೋಡಿದ್ದೇನೆ.

ಯಾರಿಗಾದರೂ ಹೇಳಬೇಕು ಅನ್ನಿಸುತ್ತಾ ಅಂತ ಕೇಳಿದಾಗ ಬಹಳ ಹೊತ್ತು ಬಿಟ್ಟು “ಅಮ್ಮನಿಗೆ” ಅಂದಳು. ನನ್ನ ಎದುರಿಗೇ ಹೇಳಿದಳು. ಅಮ್ಮ ಕೇಳಿದ ಮೊದಲ ಪ್ರಶ್ನೆ “ನೀನ್ಯಾಕೆ ಬಾಗಿಲು ತೆಗ್ದೆ?” ನಾನು ತಡೆದೆ. “ಅಮ್ಮಾ, ಈ ಪ್ರಶ್ನೆ ಈಗ ಬೇಡ. ಅವಳ ಮಾತನ್ನ ನಂಬ್ತೀನಿ ಅಂತ ಹೇಳಿ, ಅಷ್ಟು ಸಾಕು.” ಅಮ್ಮ ಹೇಳಲಿಲ್ಲ. ಮಗಳ ಕೈಯಿಂದ ದುಪಟ್ಟಾ ಬಿಡಿಸಿ, ಆ ಬೆರಳುಗಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡರು.

ಆಸ್ಪತ್ರೆಗೆ ಅಮ್ಮನೇ ಕರೆದುಕೊಂಡು ಹೋದರು. ಅಪ್ಪನಿಗೆ ಹೇಳುವುದು ಬಿಡುವುದು ಮಗಳಿಗೆ ಬಿಟ್ಟದ್ದು ಅಂತ ಮೂವರೂ ಒಪ್ಪಿಕೊಂಡೆವು. ಫೆಬ್ರವರಿಯಲ್ಲಿ ದೂರು ಕೊಡುತ್ತೇನೆ ಅಂತ ಬಂದಳು. ಠಾಣೆಯಲ್ಲಿ ‘ಕಿರುಚಿದೆಯಾ’ ಅಂತ ಕೇಳಿದರೆ ಏನು ಹೇಳಬೇಕು ಅನ್ನುವುದನ್ನು ಆಕೆಯೇ ಒಂದು ಹಾಳೆಯಲ್ಲಿ ಬರೆದು ತಂದಿದ್ದಳು: “ಇಲ್ಲ. ಆಗಲಿಲ್ಲ. ಒಪ್ಪಿರಲೂ ಇಲ್ಲ.”